ಸಮತಟ್ಟಲ್ಲದ ತಳ

ಕಳೆದ ವರ್ಷದ ಮಳೆಗಾಲದಲ್ಲಿ ನಾನೊಂದು ಹಳೆಯ ಉಪಕರಣವನ್ನು ಸರಿಮಾಡಲು ಹೋಗಿ ಕೆಡಿಸಿದೆ. ಅದು ಜಪಾನಿನ ಬಡಗಿಗಳ ಹತ್ತರಿ. ನಮ್ಮಲ್ಲಿ ಉಜ್ಜುಗೊರಡು, ಕೀಸುಳಿ, ತೋಪಡಾ ಎಂದು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯುವ ಸಾಧನದ ಜಪಾನೀ ರೂಪ. ಅವರ ಭಾಷೆಯಲ್ಲಿ ಅದಕ್ಕೆ ‘ಕನ್ನಾ’ ಎನ್ನುತ್ತಾರೆ. ನಮ್ಮ ಗೋಡೆಗೆ ಕಳ್ಳರು ಹಾಕುವ ಕನ್ನಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಾನು ಮಾಡಿದ ಕೆಲಸ ನೋಡಿದರೆ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ.

ಕುಶಲಕರ್ಮಿಗಳ ಉಪಕರಣಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಎರಡು ವರ್ಷ ಬರೀ ಓದಿದ್ದಾಯಿತು. ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕೆಂದು ಯಾರೋ ಬಳಸಿ ಬಿಟ್ಟ ಒಂದು ಹತ್ತರಿಯನ್ನು ತರಿಸಿಕೊಂಡೆ. ನೋಡಲು ಬಹಳ ಸರಳ: ಓಕ್ ಮರದ ಒಂದು ಕೊರಡು, ಅದರ ಮೇಲಿನಿಂದ ಓರೆಯಾಗಿ ಇಳಿದ ದಪ್ಪನೆಯ ಅಲಗು. ಹಿಡಿಯಿಲ್ಲ, ತಿರುಪಿಲ್ಲ. ಮರದ ಮೇಲಿಟ್ಟು ಎಳೆದೆ. ಸುರುಳಿ ಬರಲಿಲ್ಲ. ತಳಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತಿತ್ತು. ಹಳೆಯ ಮರ, ಬಾಗಿದೆ ಎಂದುಕೊಂಡೆ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಒಂದು ಗಂಟೆ ತಿಕ್ಕಿ ತಳವನ್ನು ಕನ್ನಡಿಯಷ್ಟು ಸಮ ಮಾಡಿದೆ. ಆಮೇಲೆ ಎಳೆದರೆ ಮೊದಲಿಗಿಂತ ಕೆಟ್ಟಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ರ ಬಳಿ ತೆಗೆದುಕೊಂಡು ಹೋದೆ. ಅವರು ಅಂಥದ್ದನ್ನು ಹಿಂದೆ ನೋಡಿರಲಿಲ್ಲ. ತಿರುಗಿಸಿ, ಮೂಸಿ, ಕೊನೆಗೆ ತಳದ ಒಂದು ಮೂಲೆಗೆ ಬೆರಳಿಟ್ಟರು. ನನ್ನ ಉಪ್ಪುಕಾಗದ ಮುಟ್ಟದೆ ಉಳಿದಿದ್ದ ಆ ಜಾಗದಲ್ಲಿ ಅಡ್ಡಡ್ಡಲಾಗಿ ಸಣ್ಣ ಗೆರೆಗಳಿದ್ದವು.

‘ನೋಡಮ್ಮ, ಇದು ಬಾಗಿರಲಿಲ್ಲ. ಯಾರೋ ಬೇಕೂಂತ್ಲೇ ಕೆರೆದಿದಾರೆ. ಅವರು ಬರ್ಕೊಂಡಿದ್ದನ್ನ ನೀನು ಅಳಿಸಿಬಿಟ್ಟೆ.’

ದಾಖಲೆಗಳನ್ನು ಕಾಪಾಡಬೇಕು ಎಂದು ಪಾಠ ಹೇಳಿಸಿಕೊಂಡವಳು ನಾನು. ಪತ್ರಾಗಾರದಲ್ಲಿ ಕಾಗದದ ಹಾಳೆ ತಿರುವುವಾಗ ಕೈ ಒರೆಸಿಕೊಳ್ಳುತ್ತೇನೆ. ಆ ಸಂಜೆ ಮಾತ್ರ ಒಬ್ಬ ಅಪರಿಚಿತ ಬಡಗಿಯ ಬರಹವನ್ನು ಒಂದು ಗಂಟೆ ಕೂತು ತಿಕ್ಕಿ ಹಾಕಿದ್ದೆ. ಅಲ್ಲಿ ಏನು ಬರೆದಿತ್ತು ಎಂದು ತಿಳಿಯಲು ಆಮೇಲೆ ಓದಿದ್ದು, ಮಾಡಿ ನೋಡಿದ್ದು ಈ ಪ್ರಬಂಧ.

ಮೊದಲು ಆ ತಳದ ವಿಷಯ. ಜಪಾನಿನ ಹತ್ತರಿಯ ತಳ ಸಮತಟ್ಟಾಗಿರುವುದಿಲ್ಲ, ಇರಬಾರದು. ನಯಗೊಳಿಸುವ ಹತ್ತರಿಯಲ್ಲಿ ಅದು ಮರವನ್ನು ಮುಟ್ಟುವುದು ಎರಡೇ ಕಡೆ: ಎಳೆಯುವವರ ಕಡೆಗಿರುವ ತುದಿಯಲ್ಲಿ ಒಂದು ಕಿರುಪಟ್ಟಿ, ಅಲಗಿನ ಬಾಯಿಗೆ ತಾಗಿಕೊಂಡು ಅದರ ಮುಂದೆ ಇನ್ನೊಂದು. ಇವೆರಡರ ನಡುವಿನ ಜಾಗವನ್ನೂ ಅಲಗಿನ ಹಿಂದಿನ ಜಾಗವನ್ನೂ ಒಂದು ತೆಳು ಕಾಗದದಷ್ಟು ತಗ್ಗಿಸುತ್ತಾರೆ. ಹಲಗೆಯ ಅಂಚನ್ನು ನೇರಮಾಡುವ ಉದ್ದನೆಯ ಹತ್ತರಿಗಾದರೆ ಹಿಂತುದಿಯಲ್ಲಿ ಮೂರನೆಯ ಪಟ್ಟಿಯೂ ಇರುತ್ತದೆ. ತಗ್ಗಿಸಲು ಬೇರೆಯೇ ಒಂದು ಪುಟ್ಟ ಹತ್ತರಿ ಉಂಟು. ಅದರ ಅಲಗು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ನಾರಿಗೆ ಅಡ್ಡವಾಗಿ ಎಳೆದರೆ ಮರವನ್ನು ಕೊಯ್ಯದೆ ಕೆರೆಯುತ್ತದೆ. ಆಚಾರ್ರ ಬೆರಳಿಗೆ ಸಿಕ್ಕ ಗೆರೆಗಳು ಅದರವು.

ಇಷ್ಟೆಲ್ಲ ಯಾಕೆ? ಮರ ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಹಿಗ್ಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಬೇಸಿಗೆಯಲ್ಲಿ ತಾನಾಗಿ ಸಡಿಲವಾಗುವುದು ಎಲ್ಲರಿಗೂ ಗೊತ್ತು. ಹತ್ತರಿಯ ಕೊರಡೂ ಹಾಗೆಯೇ. ಅಷ್ಟೂ ತಳ ಸಮವಾಗಿದ್ದರೆ ಗಾಳಿಯ ತೇವ ಸ್ವಲ್ಪ ಬದಲಾದರೂ ಸಾಕು, ಎಲ್ಲೋ ಒಂದು ಕಡೆ ಉಬ್ಬಿ ಅಲಗನ್ನು ಮರದಿಂದ ಮೇಲೆತ್ತಿಬಿಡುತ್ತದೆ. ಎಲ್ಲಿ ಉಬ್ಬಿತು ಎಂದು ಹುಡುಕುವುದು ಕಷ್ಟ. ಮುಟ್ಟುವ ಜಾಗ ಎರಡೇ ಆದರೆ ಆ ಎರಡನ್ನು ಒಂದೇ ಮಟ್ಟದಲ್ಲಿಟ್ಟುಕೊಂಡರೆ ಆಯಿತು. ಋತು ಬದಲಾದಾಗ ಅಷ್ಟನ್ನೇ ತಿದ್ದಿದರೆ ಸಾಕು.

ತಿದ್ದುವಾಗ ಅಲಗು ಒಳಗೇ ಇರಬೇಕು, ತಳದಿಂದ ತುಸು ಹಿಂದೆ ಸರಿದು. ನಾನು ಮಾಡಿದ ಎರಡನೆಯ ತಪ್ಪು ಅಲಗನ್ನು ಹೊರಗೆ ತೆಗೆದು ತಿಕ್ಕಿದ್ದು. ಈ ಅಲಗು ಬೆಣೆಯಾಕಾರದ್ದು: ತಲೆಯ ಕಡೆ ದಪ್ಪ, ಬಾಯಿಯ ಕಡೆ ತೆಳು. ಕೊರಡಿನ ಎರಡು ಪಕ್ಕಗಳಲ್ಲಿ ಕೊರೆದ ಗಾಡಿಗಳಲ್ಲಿ ಅದು ತಾನೇ ಬೆಣೆಯಾಗಿ ಬಿಗಿದುಕೊಳ್ಳುತ್ತದೆ. ಆ ಬಿಗಿತಕ್ಕೆ ಕೊರಡು ಸ್ವಲ್ಪ ಉಬ್ಬುತ್ತದೆ. ಅಲಗಿಲ್ಲದಾಗ ಸರಿ ಕಂಡ ತಳ ಅಲಗು ಕೂತ ಮೇಲೆ ಸರಿಯಿರುವುದಿಲ್ಲ.

ಅಲಗು ಕೂರುವ ಹಾಸಿನದ್ದು ಇನ್ನೊಂದು ಕಥೆ. ಅಲಗಿನ ಬೆನ್ನಿಗೆ ಸೀಸದ ಕಡ್ಡಿಯಿಂದ ಕಪ್ಪು ಬಳಿದು ಒಳಗಿಳಿಸಿ ತೆಗೆಯಬೇಕು. ಹಾಸಿನ ಮೇಲೆ ಕಪ್ಪು ಹತ್ತಿದ ಕಡೆಯೆಲ್ಲ ಉಬ್ಬಿದೆ ಎಂದರ್ಥ. ಉಳಿಯಿಂದ ಅಷ್ಟನ್ನೇ ಕೆರೆದು ಮತ್ತೆ ಇಳಿಸಬೇಕು. ಹೀಗೆ ಇಪ್ಪತ್ತು ಮೂವತ್ತು ಸಲ ಮಾಡಿದರೆ ಕಪ್ಪು ಚುಕ್ಕೆಗಳು ಹಾಸಿನ ತುಂಬ ಹರಡುತ್ತವೆ, ಅಲಗಿಗೆ ಪೂರ್ತಿ ಆಸರೆ ಸಿಕ್ಕಿತು ಎಂದು ತಿಳಿಯುತ್ತದೆ. ಆಸರೆ ಸಾಲದಿದ್ದರೆ ಅಲಗು ಅದುರಿ ಮರದ ಮೇಲೆ ಅಲೆಅಲೆಯ ಗುರುತು ಬೀಳುತ್ತದೆ. ಅತಿಯಾಗಿ ಕೆರೆದರೆ ಅಲಗು ಸಡಿಲವಾಗಿ ನಿಲ್ಲುವುದೇ ಇಲ್ಲ. ಅಲಗಿನ ಅಗಲದ ದಿಕ್ಕಿನಲ್ಲಿ ಮಾತ್ರ ಎರಡೂ ಕಡೆ ಸ್ವಲ್ಪ ಸಡಿಲ ಬಿಡಬೇಕು. ಒಣಹವೆಗೆ ಕೊರಡು ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ. ಎಡೆಯಿಲ್ಲದಿದ್ದರೆ ಕೊರಡೇ ಸೀಳುತ್ತದೆ.

ಈ ಎಚ್ಚರ, ಈ ತಾಳ್ಮೆ ಎಲ್ಲಿಂದ ಬಂತು? ಜಪಾನ್ ಅಂದಕೂಡಲೇ ‘ಸಾವಿರಾರು ವರ್ಷಗಳ ಪರಂಪರೆ’ ಎನ್ನುವುದು ರೂಢಿ. ಹತ್ತರಿಯ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ.

ನಾರಾ ಸಮೀಪದ ಹೋರ್ಯೂಜಿ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಿರುವ ದೇಗುಲ. 670ರಲ್ಲಿ ಬೆಂಕಿಗೆ ಆಹುತಿಯಾಗಿ 7ನೇ ಶತಮಾನದ ಕೊನೆ, 8ನೇ ಶತಮಾನದ ಮೊದಲ ಭಾಗದಲ್ಲಿ ಮತ್ತೆ ಎದ್ದದ್ದು. ಅದನ್ನು ಕಟ್ಟಿದವರ ಬಳಿ ಹತ್ತರಿ ಇರಲಿಲ್ಲ, ಉದ್ದ ಸೀಳುವ ದೊಡ್ಡ ಗರಗಸವೂ ಇರಲಿಲ್ಲ. ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರದ ದಿಮ್ಮಿಗಳಿಗೆ ಬೆಣೆ ಹೊಡೆದು ಸೀಳುತ್ತಿದ್ದರು, ಬಾಚಿಯಿಂದ ಕೆತ್ತುತ್ತಿದ್ದರು, ಕೊನೆಗೆ ‘ಯಾರಿಗನ್ನಾ’ದಿಂದ ನಯ ಮಾಡುತ್ತಿದ್ದರು. ಯಾರಿ ಎಂದರೆ ಭರ್ಜಿ. ಉದ್ದನೆಯ ಹಿಡಿಯ ತುದಿಗೆ ಎಲೆಯಾಕಾರದ, ತುಸು ಮೇಲೆ ಬಾಗಿದ, ಎರಡೂ ಅಂಚು ಹರಿತವಾದ ಅಲಗು. ಎರಡು ಕೈಯಲ್ಲಿ ಹಿಡಿದು ಮರದ ಮೇಲೆ ಜಾರಿಸಿದರೆ ಸುರುಳಿ ಏಳುತ್ತದೆ, ಚಮಚದಿಂದ ಬೆಣ್ಣೆ ತೆಗೆದಂಥ ಮೆಲುವಾದ ತಗ್ಗುಗಳು ಸಾಲಾಗಿ ಮೂಡುತ್ತವೆ. ಪ್ರಾಚೀನ ಸಮಾಧಿಗಳ ಉತ್ಖನನದಲ್ಲೂ ಇದರ ಕಬ್ಬಿಣದ ಅಲಗುಗಳು ಸಿಕ್ಕಿವೆ. 1309ರ ‘ಕಸುಗಾ ಗೊಂಗೆನ್ ಗೆಂಕಿ’ ಚಿತ್ರಸುರುಳಿಯಲ್ಲಿ ಕಟ್ಟಡ ಕೆಲಸದ ಒಂದು ದೃಶ್ಯವಿದೆ. ಅಲ್ಲಿಯೂ ದಿಮ್ಮಿ ಸೀಳುವವರು, ಬಾಚಿ ಬೀಸುವವರು, ಯಾರಿಗನ್ನಾ ಹಿಡಿದವರು ಕಾಣುತ್ತಾರೆ. ಕೊರಡಿನ ಹತ್ತರಿ ಕಾಣುವುದಿಲ್ಲ.

ಕೊರಡಿನ ಹತ್ತರಿ ಬಂದದ್ದು ಮುರೊಮಾಚಿ ಯುಗದಲ್ಲಿ, 15–16ನೇ ಶತಮಾನದ ಹೊತ್ತಿಗೆ, ಚೀನಾದ ಕಡೆಯಿಂದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಬ್ಬರು ಸೇರಿ ಎಳೆಯುವ ‘ಓಗಾ’ ಎಂಬ ಚೌಕಟ್ಟಿನ ಗರಗಸವೂ ಬಂತು. ಇವೆರಡೂ ಜೊತೆಯಾಗಿ ಬಂದದ್ದರ ಹಿಂದೆ ಕಾಡಿನ ಕಥೆ ಇದೆ. ಬೆಣೆ ಹೊಡೆದರೆ ನೇರವಾಗಿ ಸೀಳುವ ದೊಡ್ಡ ಹಿನೋಕಿ ಮರಗಳು ದೇಗುಲ, ಅರಮನೆಗಳಿಗೆ ಕಡಿದು ಕಡಿದು ವಿರಳವಾಗಿದ್ದವು. ಕೆಯಾಕಿ, ಪೈನ್‌ನಂಥ ತಿರುಚು ನಾರಿನ ಮರಗಳಿಗೆ ಇಳಿಯಬೇಕಾಯಿತು. ಅವು ಬೆಣೆಯ ಮಾತು ಕೇಳುವುದಿಲ್ಲ, ಗರಗಸವೇ ಬೇಕು. ಗರಗಸ ಕೊಯ್ದ ಹಲಗೆಯ ಒರಟು ಮೈಯನ್ನು ಸಮ ಮಾಡಲು ಹತ್ತರಿ ಬೇಕು. ಒಳ್ಳೆಯ ಮರ ಇದ್ದಷ್ಟು ದಿನ ಅದರ ಅಗತ್ಯವೇ ಬಿದ್ದಿರಲಿಲ್ಲ. ಇಂದು ನಾವು ಕೌಶಲದ ಶಿಖರ ಎಂದು ಕೊಂಡಾಡುವ ವಸ್ತು ಕೊರತೆಯ ಕಾಲದ ಕೂಸು.

ಚೀನಾದ ಹತ್ತರಿಗೆ ಅಡ್ಡ ಹಿಡಿ ಇರುತ್ತದೆ, ಅದನ್ನು ಮುಂದಕ್ಕೆ ತಳ್ಳುತ್ತಾರೆ. ಜಪಾನಿನಲ್ಲಿ ಹಿಡಿ ಹೋಯಿತು, ತಳ್ಳುವುದು ಎಳೆಯುವುದಾಯಿತು. ಆಚಾರ್ರಿಗೆ ಇದೇ ದೊಡ್ಡ ಸೋಜಿಗ. ‘ಎಳೆದ್ರೆ ಮೈ ಭಾರ ಎಲ್ಲಿ ಬೀಳುತ್ತೆ?’ ಎಂದು ಕೇಳಿದರು. ಎರಡು ದಿನ ಎಳೆದು ನೋಡಿ ಅವರೇ ಉತ್ತರ ಕಂಡುಕೊಂಡರು: ಭಾರ ಭುಜದಿಂದ ಬರುವುದಿಲ್ಲ, ಸೊಂಟ ಹಿಂದಕ್ಕೆ ಸರಿದಾಗ ಬರುತ್ತದೆ. ಹಲಗೆ ಉದ್ದವಾದರೆ ಹತ್ತರಿಯ ಜೊತೆ ಹಿಂದಕ್ಕೆ ನಡೆಯುತ್ತಲೇ ಹೋಗಬೇಕು.

ಹೊಸದು ಬಂದಾಗ ಹಳೆಯದು ಹೋಯಿತು. ಎದೋ ಯುಗದ ಹೊತ್ತಿಗೆ ಕಟ್ಟಡದ ಬಡಗಿಗಳ ಕೈಯಿಂದ ಯಾರಿಗನ್ನಾ ಜಾರಿಹೋಗಿತ್ತು. ಆದರೆ ಪೂರ್ತಿ ಅಳಿಯಲಿಲ್ಲ. ಹೊಕುಸಾಯಿಯ ಫ್ಯೂಜಿ ಪರ್ವತದ ಚಿತ್ರಮಾಲೆಯಲ್ಲಿ ದೊಡ್ಡದೊಂದು ತೊಟ್ಟಿಯ ಬಾಯೊಳಗಿಂದ ದೂರದ ಪುಟ್ಟ ಬೆಟ್ಟ ಕಾಣುವ ಚಿತ್ರ ನೀವು ನೋಡಿರಬಹುದು. 1830ರ ದಶಕದ ಆರಂಭದ್ದು. ಆ ತೊಟ್ಟಿಯೊಳಗೆ ಬಾಗಿ ಕೂತ ಕೆಲಸಗಾರನ ಕೈಯಲ್ಲಿರುವುದು ಯಾರಿಗನ್ನಾ. ಬಡಗಿಗೆ ಬೇಡವಾದದ್ದು ತೊಟ್ಟಿ ಮಾಡುವವನಿಗೆ ಬೇಕಿತ್ತು. ದುಂಡನೆಯ ಒಳಮೈಗೆ ಕೊರಡಿನ ಹತ್ತರಿ ಹೋಗುವುದಿಲ್ಲವಲ್ಲ.

ಇನ್ನು ನಿಶಿಯೊಕಾ ತ್ಸುನೆಕಾಜು ಅವರ ವಿಷಯ. 1908ರಲ್ಲಿ ಹೋರ್ಯೂಜಿಯ ಬಡಗಿ ಮನೆತನದಲ್ಲಿ ಹುಟ್ಟಿದವರು, 1995ರಲ್ಲಿ ತೀರಿಕೊಂಡರು. 1934ರಲ್ಲಿ ಶುರುವಾಗಿ ಐದು ದಶಕ ನಡೆದ ಹೋರ್ಯೂಜಿಯ ದುರಸ್ತಿಯಲ್ಲಿ ದುಡಿದವರು. ಕಂಬ ತೊಲೆಗಳನ್ನು ಬಿಚ್ಚಿ ನೋಡುವಾಗ ಅವುಗಳ ಮೈಮೇಲಿನ ತಗ್ಗುಗಳು ಅವರನ್ನು ಕಾಡಿದವು. ಈಗಿನ ಹತ್ತರಿಯಿಂದ ಆ ಮೈ ಬರುವುದಿಲ್ಲ. ಯಾರಿಗನ್ನಾ ಎಂಬ ಹೆಸರು ಗೊತ್ತಿತ್ತು, ಚಿತ್ರಗಳಿದ್ದವು. ಹೇಗೆ ಹಿಡಿಯಬೇಕು, ಯಾವ ಕೋನದಲ್ಲಿ ಹರಿತ ಮಾಡಬೇಕು ಎಂದು ಹೇಳಿಕೊಡುವ ಬಡಗಿ ಇರಲಿಲ್ಲ. ಗುರುಶಿಷ್ಯ ಸರಣಿ ಮುರಿದು ಶತಮಾನಗಳಾಗಿದ್ದವು. ಅವರು ಮರದ ಮೇಲಿನ ಗುರುತುಗಳಿಂದಲೇ ಹಿಂದಕ್ಕೆ ಲೆಕ್ಕ ಹಾಕಿದರು. ಅಲಗು ಮಾಡಿಸಿ, ಎಳೆದು, ಗುರುತು ಹೋಲಿಸಿ, ಮತ್ತೆ ತಿದ್ದಿ ಆ ಕೆಲಸವನ್ನು ಮರಳಿ ಕಲಿತರು. ಯಾಕುಶಿಜಿ ದೇಗುಲದಲ್ಲಿ ಅವರ ನೇತೃತ್ವದಲ್ಲಿ ಮತ್ತೆ ಕಟ್ಟಿದ ಮುಖ್ಯ ಮಂದಿರ 1976ರಲ್ಲಿ, ಪಶ್ಚಿಮದ ಪಗೋಡ 1981ರಲ್ಲಿ ಮುಗಿದವು.

ಅವರಿಗೂ ವಿದ್ವಾಂಸರಿಗೂ ಸದಾ ಜಟಾಪಟಿ. ಸಮೀಪದ ಹೋರಿಂಜಿಯ ಮೂರು ಅಂತಸ್ತಿನ ಪಗೋಡ 1944ರಲ್ಲಿ ಸಿಡಿಲು ಬಡಿದು ಸುಟ್ಟಿತ್ತು. ಅದನ್ನು ಮತ್ತೆ ಕಟ್ಟುವಾಗ ಕಬ್ಬಿಣದ ಆಧಾರ ಕೊಡಬೇಕೆಂದು ವಾಸ್ತುಚರಿತ್ರೆಯ ಪಂಡಿತರು, ಬೇಡವೆಂದು ಇವರು. ಹಿನೋಕಿ ಸಾವಿರ ವರ್ಷ ಬಾಳುತ್ತದೆ, ಕಬ್ಬಿಣಕ್ಕೆ ಆ ಆಯಸ್ಸಿಲ್ಲ ಎನ್ನುವುದು ಅವರ ವಾದ. 1975ರಲ್ಲಿ ಪಗೋಡ ಮುಗಿಯಿತು. ಸಾಹಿತ್ಯದ ಓದುಗರಿಗೆ ಇಲ್ಲೊಂದು ಎಳೆ ಸಿಗುತ್ತದೆ. ಆ ಪಗೋಡಕ್ಕೆ ಹಣ ಕೂಡಿಸಲು ಓಡಾಡಿದವರಲ್ಲಿ ಲೇಖಕಿ ಕೋದಾ ಆಯಾ ಒಬ್ಬರು. ಅವರ ತಂದೆ ಕೋದಾ ರೋಹಾನ್ 1891–92ರಲ್ಲಿ ಬರೆದ ಪ್ರಸಿದ್ಧ ಕಥೆಯ ಹೆಸರು ‘ಐದು ಅಂತಸ್ತಿನ ಪಗೋಡ’. ಅದರ ನಾಯಕ ಒಬ್ಬ ಬಡಗಿ. ಅಪ್ಪ ಕಾಗದದ ಮೇಲೆ ಕಟ್ಟಿದ್ದನ್ನು ಮಗಳು ಮರದಲ್ಲಿ ಕಟ್ಟಿಸಿದಳು ಎನ್ನಬಹುದು, ಅಂತಸ್ತು ಎರಡು ಕಡಿಮೆಯಾದರೂ.

ನಿಶಿಯೊಕಾ ಓದಿದ್ದು ಸಾವಿರದ ಮುನ್ನೂರು ವರ್ಷ ಹಳೆಯ ಗುರುತುಗಳನ್ನು. ನಾನು ಅಳಿಸಿದ್ದು ಹೆಚ್ಚೆಂದರೆ ಐವತ್ತು ಅರವತ್ತು ವರ್ಷದವನ್ನು. ಗಾತ್ರ ಬೇರೆ, ಜಾತಿ ಒಂದೇ. ಹೀಗಾಗಿ ಹತ್ತರಿಯ ಮೇಲೆ ಉಳಿದಿರುವುದನ್ನಾದರೂ ಓದಲು ಕೂತೆ.

ಅಲಗನ್ನು ಪಕ್ಕದಿಂದ ನೋಡಿದರೆ ಎರಡು ಬಣ್ಣ ಕಾಣುತ್ತದೆ. ಅಂಚಿನಲ್ಲಿ ತೆಳುವಾದ ಗಟ್ಟಿ ಉಕ್ಕು, ಅದರ ಬೆನ್ನಿಗೆ ದಪ್ಪನೆಯ ಮೆದು ಕಬ್ಬಿಣ. ಎರಡನ್ನೂ ಕಾಯಿಸಿ ಬಡಿದು ಬೆಸೆದದ್ದು. ಬರೀ ಗಟ್ಟಿ ಉಕ್ಕಾದರೆ ಸಾಣೆ ಹಿಡಿಯುವುದೂ ಕಷ್ಟ, ಪೆಟ್ಟಿಗೆ ಒಡೆಯುವುದೂ ಸುಲಭ. ಕತ್ತಿ ಕಮ್ಮಾರರಿಗೆ ಗಟ್ಟಿಯದನ್ನೂ ಮೆದುವಾದುದನ್ನೂ ಬೆಸೆಯುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಅನೇಕರು ಹೊಟ್ಟೆಪಾಡಿಗೆ ಚಾಕು, ಉಳಿ, ಹತ್ತರಿಗಳ ಕಡೆ ತಿರುಗಿದರು. ಕತ್ತಿ ಕಮ್ಮಾರರ ವಂಶದಲ್ಲಿ ಹುಟ್ಟಿ ಉಪಕರಣಗಳ ಕಮ್ಮಾರನಾಗಿ ಹೆಸರು ಮಾಡಿದ ಚಿಯೋಜುರು ಕೊರೆಹಿದೆ (1874–1957) ಇವರಲ್ಲಿ ಎಲ್ಲರಿಗಿಂತ ಪ್ರಸಿದ್ಧ. ಅವರು ಮೆಚ್ಚಿದ್ದು ಇಂಗ್ಲೆಂಡಿನಿಂದ ಬರುತ್ತಿದ್ದ ಉಕ್ಕನ್ನು. ಬೆನ್ನಿನ ಮೆದು ಕಬ್ಬಿಣಕ್ಕೆ ಹಡಗಿನ ಹಳೆಯ ಲಂಗರು ಸರಪಳಿಗಳನ್ನು ಕಮ್ಮಾರರು ಹುಡುಕಿ ತರುತ್ತಿದ್ದರು. ಸುರುಳಿಯನ್ನು ಮುರಿಯಲು ಅಲಗಿನ ಮೇಲೆ ಕೂರುವ ಎರಡನೆಯ ಪಟ್ಟಿ ಕೂಡ ಬಳಕೆಗೆ ಬಂದದ್ದು ಮೇಜಿ ಕಾಲದಲ್ಲಿ, ಪಶ್ಚಿಮದ ಹತ್ತರಿಗಳ ಪ್ರಭಾವದಿಂದ. ಚೀನಾದ ಕೊರಡು, ಇಂಗ್ಲೆಂಡಿನ ಉಕ್ಕು, ಹಡಗಿನ ಸರಪಳಿ, ಪಶ್ಚಿಮದ ಪಟ್ಟಿ: ‘ಅಪ್ಪಟ ಜಪಾನೀ’ ಹತ್ತರಿಯ ವಂಶವೃಕ್ಷ ಇಷ್ಟು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ಆ ಎರಡನೆಯ ಪಟ್ಟಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಯಮಗಾತಾ ವಿಶ್ವವಿದ್ಯಾಲಯದ ಕವಾಯಿ ಮತ್ತು ಕಾಟೋ ಎಂಬ ಸಂಶೋಧಕರು ಸೂಕ್ಷ್ಮ ಚಿತ್ರೀಕರಣದಿಂದ ತೋರಿಸಿದರು. ಪಟ್ಟಿಯ ತುದಿ ಅಲಗಿನ ಅಂಚಿನಿಂದ 0.1ರಿಂದ 0.3 ಮಿ.ಮೀ.ನಷ್ಟು ಹತ್ತಿರವಿದ್ದು, ಅದರ ಮೂಗು ಕಡಿದಾಗಿದ್ದರೆ ಏಳುವ ಸುರುಳಿ ಅಲ್ಲೇ ತಡೆದು ಮಡಚಿಕೊಳ್ಳುತ್ತದೆ, ಕೆಳಗಿನ ನಾರು ಕಿತ್ತುಬರುವುದಿಲ್ಲ. ಈ ಚಿತ್ರೀಕರಣ 2012ರ ಹೊತ್ತಿಗೆ ಪಶ್ಚಿಮದ ಮರಗೆಲಸಗಾರರ ನಡುವೆ ಹರಡಿದಾಗ, ತಮ್ಮದೇ ಹತ್ತರಿಗಳಲ್ಲಿ ಸುಮ್ಮನೆ ಕೂತಿದ್ದ ಪಟ್ಟಿಯ ಉಪಯೋಗವನ್ನು ಅವರಲ್ಲಿ ಅನೇಕರು ಹೊಸದಾಗಿ ಕಂಡರು.

ನನ್ನ ಅಲಗಿನ ಉಕ್ಕಿನ ಬದಿಯಲ್ಲಿ ಒಂದು ಹೊಂಡವಿದೆ, ಅದಕ್ಕೆ ‘ಊರಾ’ ಎನ್ನುತ್ತಾರೆ. ಗಟ್ಟಿ ಉಕ್ಕನ್ನು ಇಡೀ ಸಮ ಮಾಡುವ ಶ್ರಮ ತಪ್ಪಲೆಂದು ನಡುವೆ ತೋಡಿರುತ್ತಾರೆ. ಸಾಣೆ ಹಿಡಿದು ಅಲಗು ಸವೆಯುತ್ತ ಬಂದಂತೆ ಹರಿತದ ಅಂಚು ಈ ಹೊಂಡದ ಹತ್ತಿರ ಬರುತ್ತದೆ. ಆಗ ಓರೆಯ ಬದಿಯ ಮೆದು ಕಬ್ಬಿಣಕ್ಕೆ ಪುಟ್ಟ ಸುತ್ತಿಗೆಯಿಂದ ಹಗುರವಾಗಿ ನೂರಾರು ಪೆಟ್ಟು ಕೊಟ್ಟು ಉಕ್ಕನ್ನು ಆಚೆ ಬದಿಗೆ ತುಸುವೇ ಬಾಗಿಸಿ, ಮತ್ತೆ ಸಮ ಮಾಡಬೇಕು. ಪೆಟ್ಟು ತಪ್ಪಿ ಉಕ್ಕಿನ ಮೇಲೆ ಬಿದ್ದರೆ ಅಂಚು ಚಟಕ್ಕನೆ ಬಿರಿಯುತ್ತದೆ. ನನ್ನ ಅಲಗಿನ ಮೆದು ಕಬ್ಬಿಣದಲ್ಲಿ ಆ ಪೆಟ್ಟಿನ ಸಣ್ಣ ಚುಕ್ಕೆಗಳಿವೆ, ಉಕ್ಕಿನಲ್ಲಿ ಒಂದು ಬಿರುಕೂ ಇಲ್ಲ. ಅಲಗು ಹೆಚ್ಚುಕಡಿಮೆ ಅರ್ಧ ಸವೆದಿದೆ. ಸಲಕ್ಕೊಂದಿಷ್ಟು ಸಾಣೆಕಲ್ಲಿಗೆ ಕೊಟ್ಟು ಇಷ್ಟು ಸವೆಸಲು ವರ್ಷಗಟ್ಟಲೆ ದಿನದಿನವೂ ದುಡಿದಿರಬೇಕು.

ಕೊರಡಿನ ಹಿಂತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಎರಡು ಗುಳಿಗಳಿವೆ. ಅಲಗನ್ನು ಇಳಿಸಲು ಅದರ ತಲೆಗೆ ಹೊಡೆಯುತ್ತಾರೆ, ಮೇಲೆತ್ತಲು ಕೊರಡಿನ ಈ ತುದಿಗೆ. ನಟ್ಟನಡುವೆ ಹೊಡೆದರೆ ಕೊರಡು ಸೀಳುವ ಭಯ, ಹಾಗಾಗಿ ಎರಡು ಪಕ್ಕಕ್ಕೆ ಒಂದರ ಮೇಲೊಂದು. ನನ್ನದರಲ್ಲಿ ಎಡಗುಳಿ ಹೆಚ್ಚು ಆಳ. ಈ ಬಡಗಿಗೆ ಹೆಸರಿಲ್ಲ, ಊರಿಲ್ಲ. ಸುತ್ತಿಗೆ ಸ್ವಲ್ಪ ಎಡಕ್ಕೇ ಬೀಳುತ್ತಿತ್ತು ಎನ್ನುವುದಷ್ಟು ಮಾತ್ರ ಗೊತ್ತು. ನನ್ನ ಪ್ರಬಂಧದಲ್ಲಿ ಬರುವ ಎಷ್ಟೋ ಕುಶಲಕರ್ಮಿಗಳ ಬಗ್ಗೆ ನನಗೆ ಅಷ್ಟೂ ಗೊತ್ತಿಲ್ಲ.

1943ರಲ್ಲಿ ಟೋಕಿಯೋದಲ್ಲಿ ನಡೆದ ಒಂದು ಸಮೀಕ್ಷೆ, ಒಬ್ಬ ಬಡಗಿಗೆ ಒಳ್ಳೆಯ ಕೆಲಸ ಮಾಡಲು ಬೇಕಾದ ಉಪಕರಣಗಳನ್ನು 179 ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ಹತ್ತರಿಗಳೇ ಹತ್ತಾರು. ಅದಾದ ಮೇಲಿನ ದಶಕಗಳಲ್ಲಿ ವಿದ್ಯುತ್ ಯಂತ್ರಗಳು ಬಂದವು. ಕೋಬೆಯಲ್ಲಿ 1984ರಲ್ಲಿ ಬಡಗಿ ಉಪಕರಣಗಳಿಗಾಗಿಯೇ ತಾಕೆನಾಕಾ ಸಂಗ್ರಹಾಲಯ ತೆರೆಯಿತು. ಬಳಕೆಯಲ್ಲಿದ್ದದ್ದು ಸಂಗ್ರಹಾಲಯ ಸೇರುವುದು ಎಂಥ ಗಳಿಗೆ ಎಂದು ಚರಿತ್ರೆಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಕ್ಯೋಟೋ ಸುತ್ತಲಿನ ಬೆಟ್ಟಗಳಿಂದ ಹೆಸರುವಾಸಿ ಸಾಣೆಕಲ್ಲು ತೆಗೆಯುತ್ತಿದ್ದ ಗಣಿಗಳಲ್ಲಿ ಬಹುಪಾಲು ಮುಚ್ಚಿವೆ. ಇನ್ನೊಂದು ಕಡೆ, 1997ರಲ್ಲಿ ಶುರುವಾದ ‘ಕೆಜುರೋಕಾಯಿ’ ಎಂಬ ಕೂಟದಲ್ಲಿ ಬಡಗಿಗಳು ಹವ್ಯಾಸಿಗಳು ಸೇರಿ, ಯಾರ ಸುರುಳಿ ಎಷ್ಟು ತೆಳು ಎಂದು ಪಂದ್ಯ ಹೂಡುತ್ತಾರೆ. ಹತ್ತು ಮೈಕ್ರಾನಿಗಿಂತ ತೆಳುವಾದ, ಆಚೆ ಬದಿ ಕಾಣುವ ಸುರುಳಿಗಳು. 2020ರಲ್ಲಿ ಜಪಾನಿನ ಮರದ ಕಟ್ಟಡಗಳನ್ನು ಕಾಪಾಡುವ ಪಾರಂಪರಿಕ ವಿದ್ಯೆಗಳು ಯುನೆಸ್ಕೋ ಪಟ್ಟಿಗೆ ಸೇರಿದವು.

ಪಂದ್ಯ, ಪಟ್ಟಿ ಎರಡೂ ಒಳ್ಳೆಯವೇ. ಆದರೆ ಹತ್ತು ಮೈಕ್ರಾನಿನ ಸುರುಳಿ ಯಾವ ಮನೆ ಕಟ್ಟಲೂ ಬೇಕಿಲ್ಲ. ಜಪಾನಿನ ಹಳೆಯ ಮನೆಗಳಲ್ಲಿ ಒಳಗಿನ ಮರಕ್ಕೆ ಸಾಮಾನ್ಯವಾಗಿ ಬಣ್ಣ, ವಾರ್ನಿಷ್ ಬಳಿಯುತ್ತಿರಲಿಲ್ಲ. ಹತ್ತರಿ ಬಿಟ್ಟ ಮೈಯೇ ಕೊನೆಯ ಮೈ. ಅದಕ್ಕಾಗಿ ಅಷ್ಟು ಎಚ್ಚರ ಬೇಕಿತ್ತು. ಅಂಥ ಮನೆ ಕಟ್ಟಿಸುವವರು ಕಡಿಮೆಯಾದ ಮೇಲೆ ಎಚ್ಚರ ಮಾತ್ರ ಉಳಿದು, ಪಂದ್ಯವಾಗಿದೆ. ಹಾಗೆಂದು ನಾನು ಹಗುರವಾಗಿ ಮಾತಾಡುವಂತಿಲ್ಲ. ನಿಶಿಯೊಕಾ ಅವರಿಗೆ ಮರದ ಗುರುತಿನಿಂದ ವಿದ್ಯೆಯನ್ನು ಮತ್ತೆ ಎಬ್ಬಿಸಲು ಆದದ್ದು ಅವರ ಕೈಗೆ ಮೊದಲೇ ಮರ ಗೊತ್ತಿದ್ದುದರಿಂದ. ಬರೀ ಕಾಗದ ಓದಿದ ನಾನು ಅಂಥದೇ ಗುರುತನ್ನು ಕಂಡು ದೋಷ ಎಂದುಕೊಂಡೆ. ಎಲ್ಲ ಕೈಗಳೂ ನನ್ನಂಥವೇ ಆದ ದಿನ ಹೋರ್ಯೂಜಿಯ ಕಂಬವೂ ಬರೀ ಒರಟು ಕಂಬವಾಗಿ ಕಾಣಬಹುದು.

ಹತ್ತರಿ ಈಗ ಕೆಲಸ ಮಾಡುತ್ತಿದೆ. ಆಚಾರ್ರು ಹಳೆಯ ಗರಗಸದ ತುಂಡೊಂದನ್ನು ಕೆರೆಯುವ ಅಲಗಾಗಿ ಮಾಡಿಕೊಟ್ಟರು. ನಾಲ್ಕು ವಾರ, ದಿನಕ್ಕೆ ಸ್ವಲ್ಪ ಸ್ವಲ್ಪ ಕೆರೆದೆ. ಅವರಿಗೆ ಇದು ಹೊಸದು, ನನಗೂ ಹೊಸದು. ಪುಸ್ತಕದಲ್ಲಿ ಓದಿದ್ದನ್ನು ನಾನು ಹೇಳುವುದು, ಕೈಗೆ ತೋಚಿದ್ದನ್ನು ಅವರು ಹೇಳುವುದು, ಹೀಗೆ ನಡೆಯಿತು. ಒಂದು ಸಂಜೆ ದೇವದಾರು ಹಲಗೆಯ ಮೇಲೆ ಎಳೆದಾಗ ಹಲಗೆಯ ಉದ್ದಕ್ಕೂ ಹರಿಯದ ಒಂದು ಸುರುಳಿ ಬಂತು. ಆಚಾರ್ರು ಅದನ್ನು ಬೆರಳಿಗೆ ಸುತ್ತಿಕೊಂಡು ನೋಡಿ, ‘ಪರವಾಗಿಲ್ಲ’ ಅಂದರು. ಹಳೆಯ ಗೆರೆಗಳಿರುವ ಆ ಮೂಲೆಯನ್ನು ಮಾತ್ರ ನಾನು ಮುಟ್ಟಲಿಲ್ಲ.

ಈ ವರ್ಷ ಮಳೆ ಹಿಡಿದ ಮೇಲೆ ಮತ್ತೆ ಅಳತೆಪಟ್ಟಿ ಇಟ್ಟು ನೋಡಿದೆ. ಬಾಯಿಯ ಹಿಂದಿನ ಜಾಗ ಸ್ವಲ್ಪ ಉಬ್ಬಿದೆ. ನಾಳೆ ಕೆರೆಯಬೇಕು.